‘ಇದು ನಿನ್ನ ಬಾಲ್ಯ, ಪುಸ್ತಕ ಎಲ್ಲಿ?’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 12 ಮಂದಿಯ ಓದುಗರ ಬಳಗವಿದೆ. ತಿಂಗಳಿಗೊಂದು ಪುಸ್ತಕ, ಸರದಿಯ ಮೇಲೆ ಒಬ್ಬರು ಐದು ನಿಮಿಷ ತಮ್ಮ ಪ್ರತಿಕ್ರಿಯೆ ಓದಬೇಕು. ಈ ಸಲ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’, ಸರದಿ ನನ್ನದು. ಎರಡು ಸಲ ಬರೆದೆ. ಮೊದಲನೆಯದನ್ನು ನೋಡಿ ಗೆಳತಿ ‘ಇದು ಕಥಾಸಾರಾಂಶ’ ಅಂದಳು. ಎರಡನೆಯದಕ್ಕೆ ‘ಇದು ನಿನ್ನ ಬಾಲ್ಯ, ಪುಸ್ತಕ ಎಲ್ಲಿ?’ ಅಂದಳು. ನನ್ನ ಜೊತೆಗೇ ಓದಿದ 13 ವರ್ಷದ ಮಗ ‘ಇದರಲ್ಲಿ ಏನೂ ಆಗೋದೇ ಇಲ್ಲ’ ಅಂತಾನೆ. ಹುಡುಗನೊಬ್ಬ ಬೆಳೆಯುವ ಕಥೆ ಓದುವಾಗ ನಮ್ಮ ಬಾಲ್ಯ ನೆನಪಾಗದೆ ಇರುತ್ತದೆಯೇ? ಅದನ್ನು ಬಿಟ್ಟು ಬರೆಯುವುದು ಹೇಗೆ?

ಉತ್ತರ: ಬಿಡಬೇಕಾಗಿಯೇ ಇಲ್ಲ. ಬಾಲ್ಯ ನೆನಪಾಗಿದ್ದರಲ್ಲಿ ತಪ್ಪಿಲ್ಲ, ಅದು ಬಂದು ಪುಸ್ತಕದ ಮೇಲೆಯೇ ಕೂತುಬಿಟ್ಟಿದೆ, ಅಷ್ಟೇ. ನಿಮ್ಮ ಈ ಪೇಚಾಟವನ್ನು ನಾರಾಯಣ್ ಅದೇ ಕಾದಂಬರಿಯಲ್ಲಿ ಒಂದು ಮಾವಿನಹಣ್ಣಿನ ಲೆಕ್ಕವಾಗಿ ಬರೆದಿಟ್ಟಿದ್ದಾರೆ. ಅಲ್ಲಿಂದಲೇ ಶುರುಮಾಡೋಣ.

ಬೇಸಿಗೆ ರಜೆ. ವಕೀಲರಾದ ಅಪ್ಪ ಹತ್ತು ವರ್ಷದ ಸ್ವಾಮಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ 10 ಮಾವಿನಹಣ್ಣಿವೆ, ಅವುಗಳಿಂದ ಅವನು 15 ಆಣೆ ಸಂಪಾದಿಸಬೇಕೆಂದಿದ್ದಾನೆ. ಕೃಷ್ಣನಿಗೆ ಬೇಕಿರುವುದು 4 ಹಣ್ಣು ಮಾತ್ರ. ಕೃಷ್ಣ ಎಷ್ಟು ಕೊಡಬೇಕು? ನಮ್ಮ ಹಿರಿಯರು ತ್ರೈರಾಶಿ ಅನ್ನುತ್ತಿದ್ದ ಲೆಕ್ಕ. ಹಣ್ಣೊಂದಕ್ಕೆ ಒಂದೂವರೆ ಆಣೆ, ಅಂದರೆ 1 ಆಣೆ 6 ಪೈ. ನಾಲ್ಕಕ್ಕೆ 6 ಆಣೆ. ಸ್ವಾಮಿ ಆ ಲೆಕ್ಕವನ್ನು ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಈ ರಾಮ ಎಂಥವನಿರಬಹುದು? ಹತ್ತೇ ಹಣ್ಣಿಟ್ಟುಕೊಂಡು ಹದಿನೈದಾಣೆ ತೆಗೆದೇ ತೀರುತ್ತೇನೆ ಅಂತ ಹಟ ಹಿಡಿದಿರುವುದು ನೋಡಿದರೆ ತರಗತಿಯ ಶಂಕರನಂಥವನೇ ಇರಬೇಕು. ಹಾಗಾದರೆ ಕೃಷ್ಣ, ಬಟಾಣಿ ಅಂತ ಅಡ್ಡಹೆಸರಿನ ಆ ಪುಟ್ಟ ಸ್ಯಾಮ್ಯುಯೆಲ್‌ನಂಥವನು. ಪಾಪ ಕೃಷ್ಣ, ಅನ್ನಿಸುತ್ತದೆ. ಕೊನೆಗೆ ಅಪ್ಪನನ್ನು ಕೇಳುವುದು ಒಂದೇ ಪ್ರಶ್ನೆ: ಹಣ್ಣು ಮಾಗಿದ್ದವೋ ಇಲ್ಲವೋ? ಅಪ್ಪನಿಗೆ ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತದೆ, ಆದರೂ ಬಿಡುವುದಿಲ್ಲ. ಅರ್ಧ ಗಂಟೆ ಒದ್ದಾಡಿ ‘ಆರಾಣೆ’ ಅಂತ ಹೇಳಿ ಹುಡುಗ ಅತ್ತುಬಿಡುತ್ತಾನೆ.

ಈಗ ನಿಮ್ಮ ಎರಡು ಕರಡುಗಳನ್ನು ನೋಡಿ. ಮೊದಲನೆಯದು ಅಪ್ಪನ ಓದು: ಆರಾಣೆ ಮಾತ್ರ ಇದೆ, ಮಾವಿನಹಣ್ಣೇ ಇಲ್ಲ. ಎರಡನೆಯದು ಸ್ವಾಮಿಯ ಓದು: ರಾಮನನ್ನು ಕಂಡ ಕೂಡಲೇ ಶಂಕರ ನೆನಪಾದ, ಶಂಕರನಿಂದ ಬಟಾಣಿ ನೆನಪಾದ, ಲೆಕ್ಕ ಅಲ್ಲೇ ಉಳಿಯಿತು. ಅಮೆರಿಕದ ಸಾಹಿತ್ಯ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ 1938ರಿಂದ ಶುರುಮಾಡಿ ಜೀವನವಿಡೀ ಈ ಎರಡು ಬಗೆಯ ಓದಿನ ಬಗ್ಗೆಯೇ ಬರೆದರು. ಓದಿ ಮುಗಿಸಿ ಏನನ್ನು ಎತ್ತಿಕೊಂಡು ಹೋಗುತ್ತೇವೆ ಅನ್ನುವುದು ಒಂದು ಓದು, ಔಷಧಿ ಬಾಟಲಿಯ ಮೇಲಿನ ಚೀಟಿ ಓದಿದ ಹಾಗೆ. ಓದುತ್ತಿರುವಾಗಲೇ ನಮ್ಮೊಳಗೆ ಏನಾಗುತ್ತದೆ ಅನ್ನುವುದು ಇನ್ನೊಂದು. ಆಕೆಯ ಮಾತನ್ನು ‘ಓದುಗನಿಗೆ ಏನನ್ನಿಸಿದರೂ ಸರಿ’ ಅಂತ ಅರ್ಥ ಮಾಡಿಕೊಂಡವರು ಬಹಳ, ಆಕೆ ಹೇಳಿದ್ದು ಅದಲ್ಲ. ಪುಸ್ತಕದ ಮಾತು ಅಲ್ಲಗಳೆಯುವಂಥ ಅನಿಸಿಕೆ ನಿಲ್ಲುವುದಿಲ್ಲ ಅನ್ನುವುದೂ ಆಕೆಯ ವಾದದಲ್ಲೇ ಇದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ರಾಮನಲ್ಲಿ ಶಂಕರನನ್ನೂ ಕಾಣಬೇಕು, ಆರಾಣೆಯನ್ನೂ ಹೇಳಬೇಕು.

ಗೆಳತಿಯ ಆಕ್ಷೇಪಕ್ಕೆ ಹಳೆಯ ಹೆಸರುಗಳಿವೆ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಗಳ ಹೆಸರು ಮರೆಮಾಡಿ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅವರಿಂದ ಬರೆಸಿ, ಎಲ್ಲಿ ಎಡವಿದರು ಅಂತ 1929ರಲ್ಲಿ ಪಟ್ಟಿ ಮಾಡಿದರು. ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪು ನುಗ್ಗುವುದು ಅದರಲ್ಲಿ ಒಂದು, ಯಾವ ಪುಸ್ತಕಕ್ಕೂ ಅಂಟಿಸಬಹುದಾದ ಸಿದ್ಧ ಭಾವನೆ ಇನ್ನೊಂದು. ಅದಕ್ಕೂ ಒಂಬೈನೂರು ವರ್ಷ ಹಿಂದೆಯೇ ಕಾಶ್ಮೀರದ ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಏಳು ರಸವಿಘ್ನಗಳನ್ನು, ಅಂದರೆ ರಸಾನುಭವಕ್ಕೆ ಬರುವ ಅಡ್ಡಿಗಳನ್ನು, ಎಣಿಸುತ್ತಾ, ನೋಡುವವನು ತನ್ನದೇ ಸುಖದುಃಖಗಳಿಗೆ ವಶನಾಗಿಬಿಡುವುದನ್ನು ಒಂದು ವಿಘ್ನ ಅಂದಿದ್ದಾನೆ. ಆದರೆ ಅವನ ಸಹೃದಯ, ಅಂದರೆ ಮನಸ್ಸು ತೆರೆದ ರಸಿಕ, ಸ್ವಂತ ಅನುಭವವೇ ಇಲ್ಲದವನಲ್ಲ. ಹಳೆಯ ಅನುಭವಗಳಿಂದ ಒಳಗೆ ವಾಸನೆಯಾಗಿ, ಅಂದರೆ ಸಂಸ್ಕಾರವಾಗಿ, ಉಳಿದದ್ದು ಇಲ್ಲದಿದ್ದರೆ ರಸವೇ ಹುಟ್ಟದು. ನೆನಪು ಬೇಕು, ‘ನನ್ನದು’ ಅನ್ನುವ ಹಟ ಸಡಿಲವಾಗಬೇಕು.

ಸಿದ್ಧಾಂತ ಇಷ್ಟು ಸಾಕು. ಕೆಲಸಕ್ಕೆ ಬರೋಣ.

ನಿಮ್ಮ ಮೊದಲ ಓದು ಆಗಿದೆ. ಎರಡನೆಯದಕ್ಕೆ ಮುಂಚೆ ಪುಸ್ತಕ ಮುಚ್ಚಿಟ್ಟು ಹತ್ತು ನಿಮಿಷ, ನೆನಪಿರುವ ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಚೆನ್ನಾಗಿ ಬರೆಯುವ ಗೋಜು ಬೇಡ. ಹೀಗೆ ಬರೆಸಿದಾಗ ಹೆಚ್ಚಿನವರಿಗೆ ಹತ್ತರಿಂದ ಹದಿನೈದು ಸಾಲು ಬರುತ್ತವೆ. ಆಮೇಲೆ 19 ಅಧ್ಯಾಯಗಳ ಪಟ್ಟಿಯ ಪಕ್ಕ ಅದನ್ನಿಟ್ಟು ನೋಡಿ. ಯಾವ ಅಧ್ಯಾಯದಿಂದ ಒಂದು ಸಾಲೂ ಬಂದಿಲ್ಲವೋ ಅದನ್ನು ಗುರುತು ಹಾಕಿ. ನೀವು ಮರೆತದ್ದು, ನಿಮಗೆ ನೆನಪಿದ್ದದ್ದಕ್ಕಿಂತ ಹೆಚ್ಚು ಹೇಳುತ್ತದೆ. ಈ ಕಾದಂಬರಿಯಲ್ಲಿ ಸಾಮಾನ್ಯವಾಗಿ ಜಾರಿಹೋಗುವುದು ಗಾಡಿಯವನ ಮಗನ ಪ್ರಸಂಗ. ಉರುಳಿಸಿಕೊಂಡು ಓಡುವ ಚಕ್ರಕ್ಕಾಗಿ ಸ್ವಾಮಿ ಗಾಡಿಯವನ ಕೈಗೆ ಕಾಸು ಕೊಟ್ಟು ಮೋಸಹೋಗುವುದು, ಆಮೇಲೆ ಅವನ ಮಗನಿಗೇ ಹೆದರಿ ಓಡಾಡುವುದು. ಮರೆವಿಗೆ ಕಾರಣ ಸುಲಭ: ಅಲ್ಲಿ ಬಾಲ್ಯ ಚೆಂದವಾಗಿಲ್ಲ.

ಟಿಪ್ಪಣಿಯಲ್ಲಿ ಇನ್ನೊಂದು ಪರೀಕ್ಷೆ. ನೀವು ಬರೆದ ದೃಶ್ಯಗಳಲ್ಲಿ ಸ್ವಾಮಿಗೆ ಯಾರ ಮುಖವಿದೆ? ನಿಮ್ಮ ವಯಸ್ಸಿನ ಕನ್ನಡ ಓದುಗರಿಗೆ ಅಲ್ಲಿ ಮಾಸ್ಟರ್ ಮಂಜುನಾಥ್ ಇರುತ್ತಾನೆ, ಅಪ್ಪನ ಜಾಗದಲ್ಲಿ ಗಿರೀಶ್ ಕಾರ್ನಾಡ್, ಬೀದಿ ಆಗುಂಬೆಯದು. ಶಂಕರ್‌ನಾಗ್ ದೂರದರ್ಶನಕ್ಕೆ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಅಷ್ಟು ಗಟ್ಟಿಯಾಗಿ ಕೂತಿದೆ. ಅದನ್ನು ಅಳಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಆದರೆ ಧಾರಾವಾಹಿಯ ಮಳೆ, ಹಸಿರು, ‘ತಾನ ನಾ’ ರಾಗ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿರುವುದು ಮಾಲ್ಗುಡಿ ಎಂಬ ಕಾಲ್ಪನಿಕ ಊರಿನ ಸರಯೂ ನದಿ, ಅದರ ಮರಳು ದಂಡೆ, ಬಿಸಿಲು, ಕ್ಲಾಸ್‌ರೂಮು. ‘ಮಲೆನಾಡಿನ ಬಾಲ್ಯ’ ಅನ್ನುವ ಪದ ನಿಮ್ಮ ಕರಡಿನಲ್ಲಿ ಬಂದಿದ್ದರೆ ಹೊಡೆದುಹಾಕಿ.

ಈಗ ಎರಡನೆಯ ಓದು, ಪೆನ್ಸಿಲ್ ಹಿಡಿದು. ಅಂಚಿನಲ್ಲಿ ಮೂರೇ ಗುರುತು. ಸ್ವಂತ ನೆನಪು ಬಂದ ಕಡೆ ‘ನೆ’. ನಕ್ಕ ಕಡೆ ‘ನ’. ಹುಡುಗನಿಗೆ ಗೊತ್ತಿಲ್ಲದ್ದು ಕಥೆ ಹೇಳುವವನಿಗೂ ನಿಮಗೂ ಗೊತ್ತಾದ ಕಡೆ ‘ದೂ’, ಅಂದರೆ ದೂರ. ಬೆಳೆಯುವ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಮೂರನೆಯದು. ಹುಡುಗನ ಕಣ್ಣು ಒಂದು, ಹೇಳುವವನ ಕಣ್ಣು ಇನ್ನೊಂದು. ಇವೆರಡರ ನಡುವಿನ ಅಂತರ ಪುಟದಿಂದ ಪುಟಕ್ಕೆ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ. ಇಂಥ ಕಾದಂಬರಿಯ ಕೌಶಲವೆಲ್ಲ ಆ ಅಂತರವನ್ನು ನಿಭಾಯಿಸುವುದರಲ್ಲಿದೆ. ಓದುಗರು ಬರೆಯುವಾಗ ಬಿಟ್ಟುಬಿಡುವುದೂ ಇದನ್ನೇ.

ಉದಾಹರಣೆಗೆ ಟೋಪಿ. 1930ರ ಆಗಸ್ಟ್ 15ರಂದು ಸರಯೂ ದಂಡೆಯಲ್ಲಿ ಎರಡು ಸಾವಿರದಷ್ಟು ಜನ ಸೇರಿ, ಬೊಂಬಾಯಿಯ ಕಾರ್ಯಕರ್ತರೊಬ್ಬರ ಬಂಧನವನ್ನು ಪ್ರತಿಭಟಿಸುತ್ತಾರೆ. (ಆ ತಾರೀಕು ಕಂಡು ಗಕ್ಕನೆ ನಿಲ್ಲಬೇಡಿ. ಸ್ವಾತಂತ್ರ್ಯ ದಿನ ಇನ್ನೂ 17 ವರ್ಷ ದೂರವಿತ್ತು, ಅದು ಕಾಕತಾಳೀಯ.) ವಿದೇಶಿ ಬಟ್ಟೆಗೆ ಬೆಂಕಿ ಬೀಳುತ್ತದೆ. ‘ನಿನ್ನ ಟೋಪಿ ವಿದೇಶಿದು’ ಅಂತ ಯಾರೋ ಅಂದ ಕೂಡಲೇ ಸ್ವಾಮಿ ಅದನ್ನು ಕಿತ್ತು ಬೆಂಕಿಗೆ ಎಸೆಯುತ್ತಾನೆ, ದೇಶ ಉಳಿಸಿದ ಸಮಾಧಾನ. ಆಮೇಲೆ ಮನೆಯಲ್ಲಿ ಅಪ್ಪ ಹೇಳುತ್ತಾರೆ: ಅದು ಖಾದಿ ಟೋಪಿ, ಖಾದಿ ಅಂಗಡಿಯಲ್ಲೇ ದುಡ್ಡು ಕೊಟ್ಟು ತಂದದ್ದು. ಹೇಳುವವನು ಇಲ್ಲಿ ಒಂದು ಮಾತೂ ಸೇರಿಸುವುದಿಲ್ಲ. ಹುಡುಗನ ದೇಶಪ್ರೇಮವನ್ನು ಗೇಲಿಯೂ ಮಾಡುವುದಿಲ್ಲ, ಹೊಗಳುವುದೂ ಇಲ್ಲ. ‘ಸ್ವಾತಂತ್ರ್ಯ ಹೋರಾಟ ಮಕ್ಕಳಲ್ಲೂ ಕಿಚ್ಚು ಹಚ್ಚಿತ್ತು’ ಅಂತ ಬರೆದರೆ ನೀವು ಟೋಪಿಯನ್ನು ಇನ್ನೊಂದು ಸಲ ಸುಟ್ಟ ಹಾಗೆ.

ಅಧ್ಯಾಯಗಳ ಹೆಸರುಗಳಲ್ಲೂ ಈ ದೂರ ಆಟವಾಡುತ್ತದೆ. ಹದಿನಾಲ್ಕನೆಯದರ ಶೀರ್ಷಿಕೆ ಹೇಳುವಂತೆ, ಅಲ್ಲಿ ಅಜ್ಜಿ ತನ್ನ ಅಜ್ಞಾನ ತೋರಿಸುತ್ತಾಳೆ. ಅಜ್ಜಿಗೆ ಕ್ರಿಕೆಟ್ ಅಂದರೇನೆಂದು ಗೊತ್ತಿಲ್ಲ, ಟೇಟ್ ಯಾರೆಂದು ಗೊತ್ತಿಲ್ಲ. (ಮಾರಿಸ್ ಟೇಟ್ ಆಗಿನ ಇಂಗ್ಲೆಂಡ್ ಬೌಲರ್. ಬೌಲಿಂಗ್ ಚೆನ್ನಾಗಿ ಹಾಕಿದ್ದಕ್ಕೆ ಗೆಳೆಯರು ಸ್ವಾಮಿಗೆ ಇಟ್ಟ ಬಿರುದೂ ಅದೇ.) ಆ ಶೀರ್ಷಿಕೆ ಯಾರ ಮಾತು? ಹೇಳುವವನ ಬಾಯಲ್ಲಿ ಸ್ವಾಮಿಯ ಮಾತು. ಅದೇ ಅಧ್ಯಾಯದಲ್ಲಿ ಹೊಟ್ಟೆನೋವಿಗೆ ಒಂದು ನಿಂಬೆಹಣ್ಣು ತಂದುಕೊಡೋ ಅಂತ ಅಜ್ಜಿ ಕೇಳಿದರೆ ಹುಡುಗ ಕ್ರಿಕೆಟ್‌ಗೆ ಹೊತ್ತಾಯಿತೆಂದು ಓಡಿಬಿಡುತ್ತಾನೆ, ಆಮೇಲೆ ಮನಸ್ಸು ಚುಚ್ಚುತ್ತದೆ. ಅಜ್ಞಾನ ಯಾರದು ಅಂತ ಆಗ ಮತ್ತೆ ಶೀರ್ಷಿಕೆ ನೋಡಬೇಕು. ನಿಮ್ಮ ಅಜ್ಜಿ ನೆನಪಾಗಿದ್ದರೆ ಇಲ್ಲಿ ‘ನೆ’ ಬಿದ್ದಿರುತ್ತದೆ, ‘ದೂ’ ಕೂಡ ಬಿದ್ದಿರಬೇಕು. ಎರಡೂ ಒಟ್ಟಿಗೆ ಬಿದ್ದ ಜಾಗಗಳು ಇಡೀ ಪುಸ್ತಕದಲ್ಲಿ ಐದಾರು ಸಿಗುತ್ತವೆ. ಅವುಗಳಲ್ಲಿ ಎರಡನ್ನು ಆರಿಸಿಕೊಂಡರೆ ನಿಮ್ಮ ಐದು ನಿಮಿಷಕ್ಕೆ ಸರಕು ಸಿಕ್ಕಿದಂತೆ. ಬರೀ ‘ನೆ’ ಇರುವ ಕಡೆಗಳನ್ನು ಕಾಫಿ ಹೊತ್ತಿನ ಹರಟೆಗೆ ಇಟ್ಟುಕೊಳ್ಳಿ.

ನನ್ನ ಮಟ್ಟಿಗೆ, ಪ್ರತಿಕ್ರಿಯೆಗೆ ಆರಿಸಿಕೊಳ್ಳಬೇಕಾದ ಮುಖ್ಯ ದೃಶ್ಯ ಕೊನೆಯದು. ಹೆಡ್‌ಮಾಸ್ಟರ ಕೋಣೆಯ ಗಾಜು ಒಡೆಯುವುದು, ಇನ್ನೊಂದು ಶಾಲೆಯಲ್ಲಿ ಬೆತ್ತವನ್ನೇ ಕಸಿದು ಕಿಟಕಿಯಾಚೆ ಎಸೆದು ಓಡುವುದು, ರಾತ್ರಿ ಮೆಂಪಿ ಕಾಡಿನ ದಾರಿಯಲ್ಲಿ ಕಳೆದುಹೋಗುವುದು ಎಲ್ಲರ ಕಣ್ಣಿಗೂ ಬೀಳುತ್ತವೆ, ಎಲ್ಲರೂ ಬರೆಯುತ್ತಾರೆ. ರೈಲ್ವೆ ಸ್ಟೇಷನ್ನಿನ ಆ ನಾಲ್ಕು ಪುಟಗಳಲ್ಲಿ ಏನಾಗುತ್ತದೆ ಅಂತ ನಿಧಾನವಾಗಿ ನೋಡೋಣ.

ಸ್ವಾಮಿ ಸಮಯಕ್ಕೆ ಬಾರದೆ ತಂಡ ಮ್ಯಾಚ್ ಸೋತಿದೆ, ಗೆಳೆಯನೂ ತಂಡದ ನಾಯಕನೂ ಆದ ರಾಜಂ ಮಾತು ಬಿಟ್ಟಿದ್ದಾನೆ. ಪೊಲೀಸ್ ಅಧಿಕಾರಿಯಾದ ರಾಜಂನ ತಂದೆಗೆ ವರ್ಗವಾಗಿದೆ. ಸ್ವಾಮಿ ಆಂಡರ್ಸನ್‌ನ ಕಿನ್ನರ ಕಥೆಗಳ ಪುಸ್ತಕ ಹಿಡಿದುಕೊಂಡು ಸ್ಟೇಷನ್ನಿಗೆ ಬಂದಿದ್ದಾನೆ. ಮಾತಾಡಲಿಕ್ಕೆ ಬಾಯಿ ಬರುತ್ತಿಲ್ಲ. ಹೊರಡುವ ಹೊತ್ತಿಗೆ ರಾಜಂ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಗಾರ್ಡಿನ ಸೀಟಿ, ಎಂಜಿನ್ನಿನ ಕೂಗು. ಬಾಯಿ ತೆರೆದ ಅನ್ನುವ ಜಾಗದಲ್ಲಿ ನಾರಾಯಣ್ ಕಂಸದೊಳಗೆ ಒಂದು ಪುಟ್ಟ ಮಾತು ಸೇರಿಸಿದ್ದಾರೆ: ಸ್ವಾಮಿಗೆ ಹಾಗೆ ಅನ್ನಿಸಿತು ಎಂದು. ಈ ಕಂಸವನ್ನು ಓದದೆ ದಾಟಿದವರು ‘ರಾಜಂ ಕೊನೆಗೆ ಕ್ಷಮಿಸಿದ’ ಅಂತ ಬರೆಯುತ್ತಾರೆ. ಕ್ಷಮಿಸಿದನೋ ಇಲ್ಲವೋ ನಮಗೆ ಗೊತ್ತಾಗದಂತೆ ನೋಡಿಕೊಳ್ಳುವುದಕ್ಕೇ ಆ ಕಂಸ ಇರುವುದು.

ಆಮೇಲೆ ಪುಸ್ತಕವನ್ನು ಕೊಡುವುದು ಸ್ವಾಮಿಯಲ್ಲ. ರೈಲು ಹೊರಟ ಮೇಲೆ, ಕೈಯಲ್ಲೇ ಉಳಿದ ಪುಸ್ತಕ ನೋಡಿ ಅವನು ಇನ್ನೊಬ್ಬ ಗೆಳೆಯ ಮಣಿಯನ್ನು ಕೂಗುತ್ತಾನೆ. ಮಣಿ ಅದನ್ನು ಕಸಿದುಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ರೈಲಿನ ಜೊತೆ ಓಡಿ, ಸ್ವಾಮಿ ಇದನ್ನು ಕೊಡುತ್ತಿದ್ದಾನೆ ಅಂತ ಕೂಗಿ ದಾಟಿಸುತ್ತಾನೆ. ರಾಜಂ ಕೈಚಾಚಿ ತೆಗೆದುಕೊಂಡು ಕೈಬೀಸುತ್ತಾನೆ. ಬೀಸಿದ್ದು ಇಬ್ಬರಿಗೋ ಒಬ್ಬನಿಗೋ ತಿಳಿಯುವುದಿಲ್ಲ. ಕೊನೆಯ ಡಬ್ಬಿಯ ಕೆಂಪು ದೀಪ ಚಿಕ್ಕದಾಗುತ್ತ ತಿರುವಿನಲ್ಲಿ ಮರೆಯಾಗುತ್ತದೆ, ಸದ್ದೆಲ್ಲ ಅಡಗುತ್ತದೆ. ಆಗ ಸ್ವಾಮಿ ಕೇಳುತ್ತಾನೆ: ನನ್ನನ್ನು ನೆನೆಸಿಕೊಳ್ತಾನಾ? ಕಾಗದ ಬರೀತೀನಿ ಅಂದ, ಅನ್ನುತ್ತಾನೆ ಮಣಿ. ಹಾಗಾದರೆ ವಿಳಾಸ? ಮಣಿಯ ಉತ್ತರ ತಡವರಿಸುತ್ತದೆ. ಸುಳ್ಳಿರಬಹುದೇ ಅಂತ ಸ್ವಾಮಿ ಅವನ ಮುಖ ನೋಡುತ್ತಾನೆ. ಆ ಒಂದು ಸಲ ಮಣಿಯ ಮುಖದಿಂದ ಏನನ್ನೂ ತಿಳಿಯಲಾಗುವುದಿಲ್ಲ. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ.

ಈಗ ಎರಡನೆಯ ಅಧ್ಯಾಯದ ಮಣಿಯನ್ನು ತಂದು ಪಕ್ಕದಲ್ಲಿಡಿ. ದೊಣ್ಣೆ ಹಿಡಿದವನು, ಯಾರನ್ನಾದರೂ ನದಿಗೆ ಎಸೆದುಬಿಡುತ್ತೇನೆ ಅನ್ನುವವನು, ಮನಸ್ಸಿನಲ್ಲಿದ್ದದ್ದೆಲ್ಲ ಮುಖದ ಮೇಲೇ ಇಟ್ಟುಕೊಂಡವನು. ಅಂಥವನು ಗೆಳೆಯನ ಮನಸ್ಸು ಉಳಿಸಲು ಮೊದಲ ಸಲ ಒಂದು ಸುಳ್ಳು ಹೇಳಿರಬಹುದು, ಸ್ವಾಮಿ ಮೊದಲ ಸಲ ಅದನ್ನು ಅನುಮಾನಿಸಿರಬಹುದು. ‘ಏನೂ ಆಗೋದೇ ಇಲ್ಲ’ ಅನ್ನುವ ನಿಮ್ಮ ಮಗನಿಗೆ ಉತ್ತರ ಇಲ್ಲಿದೆ. ಸ್ವಾಮಿ ಯಾವ ಪಾಠವನ್ನೂ ಕಲಿಯುವುದಿಲ್ಲ, ಜಾಣನಾಗುವುದಿಲ್ಲ, ಗುರಿ ಕಂಡುಕೊಳ್ಳುವುದಿಲ್ಲ. ಜರ್ಮನ್ನರು ತಮ್ಮ ಮಹಾಕವಿ ಗಯಟೆಯ ಕಾಲದಿಂದ ಬೆಳೆಸಿದ ವ್ಯಕ್ತಿತ್ವ ವಿಕಾಸದ ಕಾದಂಬರಿಯಲ್ಲಿ ನಾಯಕ ಕೊನೆಗೆ ಸಮಾಜದಲ್ಲಿ ತನ್ನ ಜಾಗ ಹುಡುಕಿಕೊಳ್ಳುತ್ತಾನೆ, ಇಲ್ಲಿ ಆ ಅಳತೆಗೋಲು ನಡೆಯುವುದಿಲ್ಲ. ಇಲ್ಲಿ ಆಗುವುದು ಒಂದೇ: ಓದಲು ಬರುತ್ತಿದ್ದ ಒಂದು ಮುಖ ಓದಲು ಬಾರದಂತಾಗುತ್ತದೆ. ಬೆಳೆದದ್ದು ಅಷ್ಟು.

ಈ ಒಂದು ವಾಕ್ಯದಂಥ ವಾಕ್ಯ ನಿಮ್ಮದೇ ಆಗಿ ಸಿಗಬೇಕು, ನನ್ನದನ್ನು ಎತ್ತಿಕೊಳ್ಳಬೇಡಿ. ನಿಮ್ಮ ಗುರುತುಗಳು ನಿಮ್ಮನ್ನು ಬೇರೆ ಕಡೆಗೆ ಒಯ್ಯಬಹುದು. ‘ಬಾಲ’ ಅನ್ನುವ ಅಧ್ಯಾಯ ನೋಡಿ: ರಾಜಂ ಜೊತೆ ಸೇರಿದ್ದಕ್ಕೆ ಹಳೆಯ ಗೆಳೆಯರು ಸ್ವಾಮಿಯನ್ನು ‘ರಾಜಂನ ಬಾಲ’ ಅನ್ನತೊಡಗುತ್ತಾರೆ. ಅಧಿಕಾರಿಯ ಮಗನ ಸ್ನೇಹದ ಬೆಲೆ ಎಷ್ಟು ಅನ್ನುವುದೇ ನಿಮ್ಮ ಎಳೆ ಆಗಬಹುದು. ಅದೇ ಎಳೆ ಹಿಡಿದರೆ, ಚಳವಳಿಯ ದಿನ ಲಾಠಿ ಬೀಸಲು ಹೇಳಿದವರು ರಾಜಂನ ಅಪ್ಪನೇ ಅನ್ನುವುದನ್ನು ಬಿಡುವ ಹಾಗಿಲ್ಲ. ನಾರಾಯಣ್ ಕೊಟ್ಟಿದ್ದ ಮೊದಲ ಹೆಸರು ‘ಸ್ವಾಮಿ, ದಿ ಟೇಟ್’. ಹಸ್ತಪ್ರತಿಯನ್ನು ಓದಿ ಪ್ರಕಾಶಕರಿಗೆ ಶಿಫಾರಸು ಮಾಡಿದ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅದನ್ನು ಬದಲಿಸಿದರು, 1935ರಲ್ಲಿ ಲಂಡನ್ನಿನಿಂದ ಈಗಿನ ಹೆಸರಲ್ಲಿ ಬಂತು. ಹಳೆಯ ಹೆಸರಿಟ್ಟುಕೊಂಡು ಓದಿದರೆ ಅದು ಮ್ಯಾಚ್ ತಪ್ಪಿಸಿಕೊಂಡ ಬೌಲರನ ಕಥೆ, ಹೊಸ ಹೆಸರಿನಲ್ಲಿ ಗೆಳೆಯರನ್ನು ಕಳೆದುಕೊಂಡವನ ಕಥೆ.

ಬರೆಯುವ ಅಳತೆ. ಗಟ್ಟಿಯಾಗಿ, ಅವಸರವಿಲ್ಲದೆ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 100 ಪದ. ಐದು ನಿಮಿಷಕ್ಕೆ 500, ಅದರಲ್ಲಿ 30 ಉಳಿಸಿಕೊಂಡರೆ ನೀರು ಕುಡಿಯಲು ಪುರಸತ್ತು ಸಿಗುತ್ತದೆ. ಕಥೆ 60 ಪದ ದಾಟಬಾರದು, ಕೂತವರೆಲ್ಲ ಓದಿ ಬಂದವರೇ ತಾನೇ. ಒಂದು ದೃಶ್ಯ ಹತ್ತಿರದಿಂದ, 200 ಪದ. ಅದಕ್ಕೆ ಎದುರಾಗಿಯೋ ಪೂರಕವಾಗಿಯೋ ಇನ್ನೊಂದು ದೃಶ್ಯ, 100. ನಿಮ್ಮ ನೆನಪಿಗೆ 80, ಅದಕ್ಕಿಂತ ಹೆಚ್ಚಿಲ್ಲ. ಮಿಕ್ಕ ಮೂವತ್ತು ಪದ ಪುಸ್ತಕದ ಬಗ್ಗೆ ನಿಮಗಿರುವ ಒಂದು ತಕರಾರಿಗೆ. ತಕರಾರೇ ಇಲ್ಲವೆಂದರೆ ಹುಡುಕಿ. ಅಮ್ಮ ಈ ಪುಸ್ತಕದಲ್ಲಿ ಅಡುಗೆಮನೆಯಿಂದಾಚೆ ಎಷ್ಟು ಸಲ ಬರುತ್ತಾಳೆ, ಎಷ್ಟು ಮಾತಾಡುತ್ತಾಳೆ ಅಂತ ಎಣಿಸಿದರೂ ಸಾಕು.

ನೆನಪನ್ನು ಎಲ್ಲಿಡಬೇಕು? ದೃಶ್ಯದ ನಂತರ. ಮೊದಲು ಇಟ್ಟರೆ ಅದು ಪುಸ್ತಕವನ್ನು ನುಂಗುತ್ತದೆ. ನಿಮ್ಮ ಕರಡಿನಲ್ಲಿ ಬಹುಶಃ ಹೀಗೊಂದು ಸಾಲಿದೆ: ‘ಸ್ವಾಮಿಯ ಅಜ್ಜಿಯನ್ನು ಓದುವಾಗ ನನ್ನ ಅಜ್ಜಿಯ ಮಡಿಲು ನೆನಪಾಗಿ ಕಣ್ಣು ತುಂಬಿ ಬಂತು.’ ಸುಳ್ಳಲ್ಲ, ಆದರೆ ಅಜ್ಜಿ ಇರುವ ಯಾವ ಪುಸ್ತಕಕ್ಕೂ ಇದು ಒಪ್ಪುತ್ತದೆ. ಇದನ್ನು ಹೀಗೆ ತಿರುಗಿಸಿ ನೋಡಿ: ‘ಅಜ್ಜಿ ನಿಂಬೆಹಣ್ಣು ಕೇಳಿದಾಗ ಸ್ವಾಮಿ ಓಡಿಹೋಗುತ್ತಾನೆ. ಅಜ್ಜಿಯ ಮಡಿಲು ನನಗೆ ಚೆನ್ನಾಗಿ ನೆನಪಿದೆ, ಅಜ್ಜಿ ಏನೋ ಕೇಳಿ ನಾನು ಓಡಿಹೋದ ದಿನಗಳು ಮಾತ್ರ ಈ ಪುಟ ಓದುವ ತನಕ ನೆನಪಿಗೆ ಬಂದಿರಲಿಲ್ಲ.’ ಮೊದಲ ಸಾಲು ನೆನಪನ್ನು ತೋರಿಸುತ್ತದೆ, ಎರಡನೆಯದು ಪುಸ್ತಕ ಆ ನೆನಪಿಗೆ ಏನು ಮಾಡಿತು ಅನ್ನುವುದನ್ನು ತೋರಿಸುತ್ತದೆ. ಪರೀಕ್ಷೆ ಸುಲಭ: ಪುಸ್ತಕದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಸಾಲು ನಿಂತರೆ ಆ ಸಾಲನ್ನು ತೆಗೆಯಿರಿ.

‘ಮುಗ್ಧತೆ’ ಅನ್ನುವ ಪದ ಕರಡಿನಲ್ಲಿ ಎಷ್ಟು ಸಲ ಬಂದಿದೆ ನೋಡಿ. ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ತೆಗೆಯಿರಿ. ಸ್ವಾಮಿ ಮುಗ್ಧನೇನಲ್ಲ: ಶಾಲೆ ತಪ್ಪಿಸಲು ತಲೆನೋವು ತರಿಸಿಕೊಳ್ಳಬಲ್ಲ, ಆಟಕ್ಕೆ ಬಿಡುವು ಬೇಕೆಂದು ಡಾಕ್ಟರ ಹತ್ತಿರ ಹೋಗಿ ಸನ್ನಿ ಹಿಡಿದಿದೆ ಅಂತ ಸರ್ಟಿಫಿಕೇಟ್ ಕೇಳಬಲ್ಲ. ‘ಆ ಕಾಲವೇ ಚೆಂದ’ ಅನ್ನುವ ರಾಗವೂ ಇಲ್ಲಿ ಅಪಸ್ವರ. ನಾರಾಯಣ್ ಇದನ್ನು ಬರೆಯಲು ಕೂತದ್ದು ಬೆಂಗಳೂರಿನಲ್ಲಿ, 1930ರ ವಿಜಯದಶಮಿಯ ದಿನ. ಅವರಿಗಾಗ ಇಪ್ಪತ್ತನಾಲ್ಕರ ಆಸುಪಾಸು. ಕಥೆ ನಡೆಯುವುದೂ ಅದೇ 1930ರಲ್ಲಿ. ಅವರು ಹಳೆಯ ಕಾಲವನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಿರಲಿಲ್ಲ, ಎದುರಿಗಿದ್ದ ವರ್ತಮಾನವನ್ನು ಬರೆಯುತ್ತಿದ್ದರು. ಹಳಹಳಿಕೆ ನಮ್ಮದು. ಅದು ನಿಮ್ಮ ಪ್ರತಿಕ್ರಿಯೆಯಲ್ಲಿ ಬರಲಿ, ಆದರೆ ನಿಮ್ಮ ಹೆಸರಿನಲ್ಲೇ ಬರಲಿ, ನಾರಾಯಣರ ತಲೆಗೆ ಕಟ್ಟಬೇಡಿ.

ಅಪ್ಪನನ್ನು ಖಳನಾಯಕ ಮಾಡುವುದು ಇನ್ನೊಂದು ಚಾಳಿ. ಸ್ಕ್ರಿಪ್ಚರ್ (ಬೈಬಲ್ ಪಾಠದ) ಮೇಷ್ಟ್ರು ಎಬೆನೇಜರ್ ಹಿಂದೂ ದೇವರುಗಳನ್ನು ಹೀಯಾಳಿಸಿ ಹುಡುಗನ ಕಿವಿ ಹಿಂಡಿದಾಗ ಹೆಡ್‌ಮಾಸ್ಟರಿಗೆ ಕಾಗದ ಬರೆದು ಕೇಳುವವರು ಇದೇ ಅಪ್ಪ. ಸ್ವಾಮಿ ಕಾಣೆಯಾದ ರಾತ್ರಿ ಊರೆಲ್ಲ ಅಲೆದು ಹುಡುಕುವವರೂ ಇವರೇ. ಹುಡುಗನಿಗೆ ಆ ಅಪ್ಪ ಪೂರ್ತಿ ಕಾಣುವುದಿಲ್ಲ, ನಮಗೆ ಕಾಣುತ್ತಾರೆ. ಮತ್ತೆ ‘ದೂ’.

ನೀತಿ ಹೇಳಿ ಮುಗಿಸುವ ಆಸೆ ಬಂದಾಗ ಪರೀಕ್ಷೆಯ ಅಧ್ಯಾಯ ತೆರೆಯಿರಿ. ಇಂಗ್ಲಿಷ್ ಪತ್ರಿಕೆಯಲ್ಲಿ ಚಿನ್ನದ ಬಳೆ ತೋರಿಸುವ ಮುದಿ ಹುಲಿ ಮತ್ತು ಬ್ರಾಹ್ಮಣನ ಕಥೆ ಬಂದಿದೆ, ನಮ್ಮಲ್ಲಿ ಹಿತೋಪದೇಶದಿಂದ ಎಲ್ಲರಿಗೂ ಗೊತ್ತಿರುವುದೇ. ಕಥೆಯ ನೀತಿ ಬರೆಯಿರಿ ಅಂದರೆ ಸ್ವಾಮಿ ಬರೆದದ್ದು ಒಂದೇ ಸಾಲು, ಹುಲಿ ಬಳೆ ಕೊಟ್ಟರೆ ತೆಗೆದುಕೊಳ್ಳಬಾರದು ಎಂದು. ಬೇರೆಯವರು ಅರ್ಧ ಪುಟ ಬರೆದರು ಅಂತ ಆಮೇಲೆ ಗೊತ್ತಾಗಿ ಅವನ ಎದೆ ಧಸಕ್ಕೆಂದಿತು. ಕಾದಂಬರಿಯೊಂದರ ನೀತಿ ಬರೆಯಲು ಹೊರಟರೆ ಸ್ವಾಮಿಗಿಂತ ಚೆನ್ನಾಗಿ ಬರೆಯುವುದು ಕಷ್ಟ.

ಭಾಷೆಯ ಬಗ್ಗೆ ಎರಡು ಮಾತು. ಇಂಗ್ಲಿಷ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಪಾತ್ರಗಳ ಮಾತನ್ನು ಪದಕ್ಕೆ ಪದ ತರ್ಜುಮೆ ಮಾಡಬೇಡಿ. ಆ ಹುಡುಗರು ಮನೆಯಲ್ಲಿ ಇಂಗ್ಲಿಷ್ ಆಡುವವರಲ್ಲ, ನಾರಾಯಣರೇ ಒಂದು ಸಲ ಅನುವಾದ ಮಾಡಿದ್ದಾರೆ ಅಂದುಕೊಳ್ಳಿ. ನೀವು ಅದನ್ನು ವಾಪಸು ನಮ್ಮ ಕಡೆಯ ಮಾತಿಗೆ ತರುತ್ತಿದ್ದೀರಿ. ಮಣಿ ‘ಲೋ’ ಅನ್ನಲಿ. ಕಾಲದ ಪದಗಳನ್ನು ಮಾತ್ರ ಬದಲಿಸಬೇಡಿ: ಸ್ವಾಮಿ ಓದುವ ತರಗತಿ ಫಸ್ಟ್ ಫಾರ್ಮ್ ಫಸ್ಟ್ ಫಾರ್ಮಾಗಿಯೇ ಇರಲಿ, ಆಣೆಯನ್ನು ಪೈಸೆ ಮಾಡಬೇಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಅಂತ ಒಂದು ಸಲ ಹೇಳಿದರೆ ಕೂತ ಕಿರಿಯರಿಗೆ ಸಾಕು. ಹದಿನೈದಾಣೆ ಅಂದರೆ ರೂಪಾಯಿಗೆ ಒಂದೇ ಆಣೆ ಕಮ್ಮಿ ಅಂತ ತಿಳಿದಾಗಲೇ ರಾಮನ ಹಟ ಎಂಥದ್ದು ಅಂತ ಅವರಿಗೂ ಗೊತ್ತಾಗುವುದು.

ಕೊನೆಗೆ ನಿಮ್ಮ ಮಗ. ಅವನು ಹೇಳಿದ್ದನ್ನು ತಿದ್ದಬೇಡಿ, ಅದೂ ಒಂದು ಪ್ರತಿಕ್ರಿಯೆಯೇ, ನಿಮ್ಮ ಎರಡೂ ಕರಡುಗಳಿಗಿಂತ ನೇರವಾದದ್ದು. 13ರ ಹುಡುಗನಿಗೂ ಸ್ವಾಮಿಗೂ ಮೂರೇ ವರ್ಷದ ಅಂತರ, ‘ದೂ’ ಗುರುತು ಅವನಿಗೆ ಬೀಳುವುದು ಕಷ್ಟ. ನಿಮಗೆ ನಗು ಬಂದ ಕಡೆ ಅವನಿಗೆ ಸಿಟ್ಟು ಬಂದಿರಬಹುದು. ಅವನ ಕೈಗೂ ಒಂದು ಪೆನ್ಸಿಲ್ ಕೊಟ್ಟು ಮಾವಿನಹಣ್ಣಿನ ಅಧ್ಯಾಯಕ್ಕೆ ಮಾತ್ರ ಗುರುತು ಹಾಕಿಸಿ, ಬೇರೆ ಬಣ್ಣದ್ದು. ನಿಮ್ಮ ‘ನ’ ಇರುವ ಸಾಲಿನ ಪಕ್ಕ ಅವನು ಏನು ಬರೆದಿದ್ದಾನೆ ನೋಡಿ. ‘ನ’ ಇಲ್ಲದಿದ್ದರೆ ಯಾಕೆ ಅಂತ ಕೇಳಿ, ಅವನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ನಿಮ್ಮ ಐದು ನಿಮಿಷದ ಮೊದಲ ಸಾಲಾಗಿ ಓದಿ.